ಪಹಣಿಯೂ ಕಾಂತಕಣವೂ: ಹಾರ್ಡ್ ಡಿಸ್ಕ್ ಬರೆಯುವ ಮತ್ತು ಓದುವ ಬಗೆ

ಗುಡೇಕೋಟೆ ಹೋಬಳಿಯ ಒಂದು ಹೊಲವನ್ನು ಕಂದಾಯ ದಾಖಲೆ ನಿಶ್ಚಿತವಾದ ಕ್ರಮದಲ್ಲಿ ಗುರುತಿಸುತ್ತದೆ. ಮೊದಲು ವಿಜಯನಗರ ಜಿಲ್ಲೆ, ಅದರೊಳಗೆ ಕೂಡ್ಲಿಗಿ ತಾಲ್ಲೂಕು, ಅದರೊಳಗೆ ಗುಡೇಕೋಟೆ ಹೋಬಳಿ, ಆಮೇಲೆ ಗ್ರಾಮ, ಸರ್ವೆ ನಂಬರು, ಕೊನೆಗೆ ಹಿಸ್ಸಾ. ಈ ಆರು ಮೆಟ್ಟಿಲುಗಳನ್ನು ಇಳಿದರೆ ಶೇಂಗಾ ಬೆಳೆಯುವ ಎರಡೆಕರೆ ಕೆಂಪು ನೆಲವಾಗಲಿ, ಬಂಡೆಗುಡ್ಡದ ಮಗ್ಗುಲಿನ ಹತ್ತು ಗುಂಟೆಯ ತುಂಡಾಗಲಿ ತಪ್ಪದೆ ಸಿಗುತ್ತದೆ. ಆ ನೆಲ ಯಾರ ಹೆಸರಿನಲ್ಲಿದೆ, ವಿಸ್ತೀರ್ಣ ಎಷ್ಟು, ಬೆಳೆ ಯಾವುದು, ಅದರ ಮೇಲೆ ಸಾಲವಿದೆಯೇ ಎಂಬುದನ್ನೆಲ್ಲ ಹೇಳುವ ಪಹಣಿಯು ಒಂದು ಕಾಲಕ್ಕೆ ಶಾನುಭೋಗರ, ಅನಂತರ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ಕರ್ನಾಟಕದ 'ಭೂಮಿ' ಯೋಜನೆಯು ರಾಜ್ಯದ ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟವರಿಗೆ ಮುದ್ರಿತ ಪಹಣಿ ಸಿಗತೊಡಗಿತು. ಕೈಬರಹದ ಪಹಣಿಯ ಮಾನ್ಯತೆ ಕೊನೆಗೊಂಡಿತು.

ಆ ಬದಲಾವಣೆಯ ಆಡಳಿತದ ಮುಖವನ್ನು ಹಲವರು ವಿವರಿಸಿದ್ದಾರೆ. ಅದರ ಭೌತಿಕ ಮುಖವೂ ಅಷ್ಟೇ ಮಹತ್ವದ್ದು. ಕಾಗದದ ಮೇಲಿನ ಮಸಿಯ ಜಾಗಕ್ಕೆ ಬಂದದ್ದು, ತಿರುಗುವ ತಟ್ಟೆಯೊಂದರ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಕಣಗಳು ಯಾವ ದಿಕ್ಕಿಗೆ ಮುಖ ಮಾಡಿವೆ ಎಂಬ ಸಂಗತಿ. ಒಂದು ಕುಟುಂಬದ ನೆಲದ ಹಕ್ಕನ್ನು ಇಂಥ ಕಣಗಳ ದಿಕ್ಕಿಗೆ ಒಪ್ಪಿಸಬಹುದೆ, ಒಪ್ಪಿಸುವುದಾದರೆ ಯಾವ ಎಚ್ಚರದಿಂದ ಎಂಬುದನ್ನು ಅರಿಯಬೇಕಾದರೆ ಹಾರ್ಡ್ ಡಿಸ್ಕ್ ಬರೆಯುವ, ಓದುವ ಬಗೆಯನ್ನು ತಿಳಿಯಬೇಕು.

ಅಕ್ಷರದಿಂದ ಬಿಟ್‌ಗೆ

ಕಂಪ್ಯೂಟರು ಬಲ್ಲದ್ದು 0 ಮತ್ತು 1 ಎಂಬ ಎರಡೇ ಗುರುತುಗಳನ್ನು. ಇಂಥ ಒಂದು ಗುರುತಿಗೆ ಬಿಟ್ ಎಂದೂ, ಎಂಟು ಬಿಟ್‌ಗಳ ಕಟ್ಟಿಗೆ ಬೈಟ್ ಎಂದೂ ಹೆಸರು. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟಿರುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಮೂಲಾಕ್ಷರಕ್ಕೂ ಪ್ರತಿಯೊಂದು ಸ್ವರಚಿಹ್ನೆಗೂ ಬೇರೆ ಬೇರೆ ಸಂಖ್ಯೆಗಳಿದ್ದು, ಇಂದು ಹೆಚ್ಚು ಬಳಕೆಯಲ್ಲಿರುವ ಯುಟಿಎಫ್-8 ಎಂಬ ಸಂಕೇತಕ್ರಮವು ಅವುಗಳಲ್ಲಿ ಒಂದೊಂದನ್ನೂ ಮೂರು ಬೈಟ್‌ಗಳಲ್ಲಿ ಬರೆಯುತ್ತದೆ. 'ಗುಡೇಕೋಟೆ' ಎಂಬ ಪದವನ್ನು ಬಿಡಿಸಿದರೆ ಗ, ಡ, ಕ, ಟ ಎಂಬ ನಾಲ್ಕು ಅಕ್ಷರಗಳೂ ಅವುಗಳಿಗೆ ಹತ್ತಿದ ನಾಲ್ಕು ಸ್ವರಚಿಹ್ನೆಗಳೂ ಸಿಗುತ್ತವೆ. ಎಂಟು ಘಟಕಗಳಿಗೆ 24 ಬೈಟ್, ಅಂದರೆ 192 ಬಿಟ್. ಮೊದಲನೆಯ 'ಗ' ಒಂದೇ 11100000 10110010 10010111 ಎಂದಾಗುತ್ತದೆ. ಹಾರ್ಡ್ ಡಿಸ್ಕಿನ ಕೆಲಸವೆಂದರೆ ಈ ಸಾಲನ್ನು ತಟ್ಟೆಯ ಮೇಲೆ ಇಳಿಸುವುದು, ವಿದ್ಯುತ್ ಹೋದರೂ ಅದನ್ನು ಹಾಗೆಯೇ ಉಳಿಸಿಕೊಳ್ಳುವುದು, ಕೇಳಿದಾಗ ಒಂದು ಬಿಟ್ಟೂ ತಪ್ಪದಂತೆ ಹಿಂದಿರುಗಿಸುವುದು.

ಕಬ್ಬಿಣದ ನೆನಪು

ಉಳಿಸಿಕೊಳ್ಳುವ ಗುಣ ಕೆಲವು ಲೋಹಗಳಲ್ಲಿ ಹುಟ್ಟಿನಿಂದಲೇ ಇದೆ. ಕಬ್ಬಿಣ, ಕೋಬಾಲ್ಟ್, ನಿಕ್ಕಲ್‌ಗಳ ಪರಮಾಣುಗಳು ಒಂದೊಂದೂ ಪುಟ್ಟ ಅಯಸ್ಕಾಂತದಂತೆ ವರ್ತಿಸುವುದಲ್ಲದೆ, ನೆರೆಹೊರೆಯ ಪರಮಾಣುಗಳೊಂದಿಗೆ ಒಂದೇ ದಿಕ್ಕಿಗೆ ಸಾಲಾಗಿ ನಿಲ್ಲುತ್ತವೆ. ಹೊರಗಿನಿಂದ ಬಲವಾದ ಕಾಂತಕ್ಷೇತ್ರ, ಅಂದರೆ ಅಯಸ್ಕಾಂತದ ಪ್ರಭಾವ ಹರಡಿರುವ ವಲಯ, ಅವುಗಳ ಮೇಲೆ ಬಿದ್ದರೆ ಆ ಸಾಲು ತಿರುಗುತ್ತದೆ. ಕ್ಷೇತ್ರವನ್ನು ತೆಗೆದ ಮೇಲೂ ತಿರುಗಿದ ದಿಕ್ಕಿನಲ್ಲೇ ನಿಂತಿರುತ್ತದೆ. ಹೀಗೆ ಉಳಿದುಬರುವ ಕಾಂತತೆಯೇ ಡಿಸ್ಕಿನ ನೆನಪು. ಮತ್ತೆ ದಿಕ್ಕು ಬದಲಿಸಲು ಒಂದು ಪದಾರ್ಥ ತೋರುವ ಪ್ರತಿರೋಧ ಹೆಚ್ಚಾದಷ್ಟೂ ಅದರ ನೆನಪು ಗಟ್ಟಿ, ಆದರೆ ಅದರ ಮೇಲೆ ಬರೆಯುವುದು ಅಷ್ಟೇ ಕಷ್ಟ. ಡಿಸ್ಕಿನ ಇತಿಹಾಸವೆಲ್ಲ ಈ ಎರಡರ ನಡುವಣ ಹೊಂದಾಣಿಕೆಯ ಇತಿಹಾಸ.

ಕೂಡ್ಲಿಗಿ ತಾಲ್ಲೂಕಿಗೆ ತಾಗಿಕೊಂಡಿರುವ ಸಂಡೂರಿನ ಬೆಟ್ಟಗಳ ಅದಿರಿಗೂ ಮೊದಲ ಡಿಸ್ಕುಗಳ ಲೇಪಕ್ಕೂ ರಾಸಾಯನಿಕವಾಗಿ ಹತ್ತಿರದ ನಂಟಿದೆ. ದೋಣಿಮಲೆಯಂಥ ಗಣಿಗಳಲ್ಲಿ ಅಗೆಯುವ ಕೆಂಪು ಹೆಮಟೈಟ್ ಎರಡು ಪಾಲು ಕಬ್ಬಿಣ, ಮೂರು ಪಾಲು ಆಮ್ಲಜನಕದ ಪರಮಾಣುಗಳು ಸೇರಿ ಆದ ಆಕ್ಸೈಡ್. ಆದರೆ ಅದರೊಳಗೆ ಕಬ್ಬಿಣದ ಒಂದು ಪದರದ ದಿಕ್ಕಿಗೆ ಪಕ್ಕದ ಪದರ ಎದುರಾಗಿ ನಿಂತು ಒಂದರ ಕಾಂತತೆಯನ್ನು ಮತ್ತೊಂದು ಬಹುಮಟ್ಟಿಗೆ ಅಳಿಸಿಹಾಕುವುದರಿಂದ ಅದು ಅತಿ ದುರ್ಬಲ ಕಾಂತವಸ್ತು. ಅದೇ ಪರಮಾಣುಗಳು ಅದೇ ಪ್ರಮಾಣದಲ್ಲಿ, ಬೇರೊಂದು ಹರಳಿನ ರಚನೆಯಲ್ಲಿ ಜೋಡಣೆಗೊಂಡರೆ ಮ್ಯಾಗ್ಹೆಮೈಟ್ ಆಗುತ್ತದೆ. ಅಲ್ಲಿ ಎದುರುಬದುರು ನಿಂತ ಪಾಳಿಗಳು ಸಮಬಲವಲ್ಲದ ಕಾರಣ ಗಣನೀಯ ಕಾಂತತೆ ಉಳಿಯುತ್ತದೆ. ಹಾಡಿನ ಕ್ಯಾಸೆಟ್ಟುಗಳ ಕಂದು ಪಟ್ಟಿಯಲ್ಲಿದ್ದದ್ದೂ, ಹಾರ್ಡ್ ಡಿಸ್ಕಿನ ಮೊದಲ ಎರಡು ಮೂರು ದಶಕಗಳ ಲೇಪದಲ್ಲಿದ್ದದ್ದೂ ಈ ಕಂದು ಪುಡಿಯೇ. ಇಂದಿನ ಸಾಮಾನ್ಯ ಡಿಸ್ಕುಗಳಲ್ಲಿ ಅದರ ಜಾಗಕ್ಕೆ ಕೋಬಾಲ್ಟ್, ಕ್ರೋಮಿಯಂ, ಪ್ಲಾಟಿನಂ ಬೆರೆತ ಅತಿ ತೆಳುವಾದ ಲೋಹದ ಪೊರೆ ಬಂದಿದೆ.

ಬರೆಯುವ ಬಗೆ

ತಂತಿಯಲ್ಲಿ ಹರಿಯುವ ವಿದ್ಯುತ್ತು ಪಕ್ಕದ ಕಾಂತಸೂಜಿಯನ್ನು ತಿರುಗಿಸುತ್ತದೆಂದು ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಅರ್‌ಸ್ಟೆಡ್ 1820ರಲ್ಲಿ ತೋರಿಸಿದನು. ಅದೇ ದೇಶದ ವಾಲ್ಡೆಮರ್ ಪೌಲ್ಸನ್ 1898ರಲ್ಲಿ ಧ್ವನಿಯನ್ನು ವಿದ್ಯುತ್ತಾಗಿ, ವಿದ್ಯುತ್ತನ್ನು ಉಕ್ಕಿನ ತಂತಿಯ ಮೇಲಿನ ಕಾಂತತೆಯಾಗಿ ಮಾರ್ಪಡಿಸಿ ಉಳಿಸುವ ಯಂತ್ರವನ್ನು ರೂಪಿಸಿದನು. ತಂತಿ ಮತ್ತು ಪಟ್ಟಿಯ ದೊಡ್ಡ ಕೊರತೆಯೆಂದರೆ ನಡುವಿನ ಒಂದು ಮಾತಿಗಾಗಿ ಮೊದಲಿನಿಂದ ಸುತ್ತುತ್ತ ಬರಬೇಕಾಗಿದ್ದುದು. ಅಮೆರಿಕದ ಐಬಿಎಂ ಸಂಸ್ಥೆಯು 1956ರಲ್ಲಿ ಹೊರತಂದ ರಾಮ್ಯಾಕ್ ಯಂತ್ರವು ಪಟ್ಟಿಯ ಬದಲು ತಟ್ಟೆಗಳನ್ನು ಬಳಸಿ, ಬೇಕಾದ ಜಾಗಕ್ಕೆ ನೇರವಾಗಿ ಹೋಗುವ ದಾರಿಯನ್ನು ತೆರೆಯಿತು. ಅದರಲ್ಲಿ 24 ಇಂಚು ಅಗಲದ 50 ತಟ್ಟೆಗಳು ಒಂದೇ ಕಂಬದ ಸುತ್ತ ನಿಮಿಷಕ್ಕೆ 1,200 ಸುತ್ತು ತಿರುಗುತ್ತಿದ್ದವು. ಸುಮಾರು ಒಂದು ಟನ್ ತೂಗುತ್ತಿದ್ದ ಆ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರಗಳು ಮಾತ್ರ.

ಇಂದಿನ ಸಾಮಾನ್ಯ ಡಿಸ್ಕಿನ ತಟ್ಟೆ ಅಲ್ಯೂಮಿನಿಯಂ ಮಿಶ್ರಲೋಹದ್ದು ಅಥವಾ ಗಾಜಿನದು. ಅದು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತದೆ. ತಟ್ಟೆಯ ಮೇಲೆ ಸುಲಭವಾಗಿ ಕಾಂತತೆ ಪಡೆದು ಅಷ್ಟೇ ಸುಲಭವಾಗಿ ಬಿಟ್ಟುಕೊಡುವ ಮೃದು ಕಾಂತಪದರ, ಅದರ ಮೇಲೆ ದತ್ತಾಂಶ ಹೊರುವ ಗಟ್ಟಿ ಕಾಂತಪದರ, ಅದನ್ನು ಕಾಯುವ ಇಂಗಾಲದ ಪೊರೆ, ಕೊನೆಗೆ ಒಂದು ಅಣುವಿನಷ್ಟು ದಪ್ಪದ ಜಾರುವ ಲೇಪ, ಹೀಗೆ ಪದರದ ಮೇಲೆ ಪದರ ಇರುತ್ತದೆ. ತಟ್ಟೆಯ ಮೇಲೆ ಆಡುವ ತೋಳಿನ ತುದಿಯಲ್ಲಿ ಬರೆಯುವ ಮತ್ತು ಓದುವ ಭಾಗವಾದ ಹೆಡ್ಡು ಇರುತ್ತದೆ; ಅದರಲ್ಲಿ ಅತಿ ಸಣ್ಣ ತಂತಿಸುರುಳಿಯೂ ಅದರ ನಡುವೆ ಚೂಪಾದ ಕಾಂತಧ್ರುವವೂ ಇರುತ್ತವೆ. ಸುರುಳಿಯಲ್ಲಿ ವಿದ್ಯುತ್ತು ಒಂದು ಕಡೆಗೆ ಹರಿದರೆ ಧ್ರುವದ ತುದಿಯಿಂದ ಕಾಂತಕ್ಷೇತ್ರ ಕೆಳಮುಖವಾಗಿ ಹೊಮ್ಮಿ, ಅಡಿಯಲ್ಲಿರುವ ಕಣಗಳನ್ನು ಕೆಳಕ್ಕೆ ಮುಖಮಾಡಿಸುತ್ತದೆ. ವಿದ್ಯುತ್ತು ತಿರುಗಿ ಹರಿದರೆ ಕಣಗಳು ಮೇಲಕ್ಕೆ ಮುಖ ಮಾಡುತ್ತವೆ. ಹೊರಬಂದ ಕ್ಷೇತ್ರ ಮೃದು ಪದರದ ಮೂಲಕ ಹಾದು ಹೆಡ್ಡಿನ ಅಗಲವಾದ ಇನ್ನೊಂದು ಧ್ರುವಕ್ಕೆ ಮರಳುತ್ತದೆ; ಮರಳುವಾಗ ಅಗಲಕ್ಕೆ ಹರಡಿ ತೆಳುವಾಗುವುದರಿಂದ ಅಲ್ಲಿ ಮೊದಲೇ ಬರೆದದ್ದು ಕೆಡುವುದಿಲ್ಲ. ಕಣಗಳನ್ನು ಹೀಗೆ ಲಂಬವಾಗಿ ನಿಲ್ಲಿಸುವ ವಿಧಾನವನ್ನು ಜಪಾನಿನ ಶುನ್‌ಇಚಿ ಇವಸಾಕಿ 1970ರ ದಶಕದಲ್ಲಿ ಮುಂದಿಟ್ಟರೂ ಅದು ಮಾರುಕಟ್ಟೆಯ ಡಿಸ್ಕುಗಳಿಗೆ ಬಂದದ್ದು 2005ರ ಹೊತ್ತಿಗೆ. ಅಲ್ಲಿಯವರೆಗೆ ಕಣಗಳು ತಟ್ಟೆಯ ಮೇಲೆ ಅಡ್ಡ ಮಲಗಿರುತ್ತಿದ್ದವು.

ಮೇಲುಮುಖ ಎಂದರೆ 1, ಕೆಳಮುಖ ಎಂದರೆ 0 ಎಂದು ನೇರವಾಗಿ ಬರೆದರೆ ಒಂದು ತೊಡಕು ಬರುತ್ತದೆ. 'ಗ' ಅಕ್ಷರದ ಮೊದಲ ಬೈಟಿನ ಕೊನೆಗೆ ಐದು ಸೊನ್ನೆಗಳು ಒಟ್ಟಿಗೆ ಬಂದಿವೆ; ಒಂದೇ ದಿಕ್ಕಿಗೆ ಮುಖಮಾಡಿದ ಉದ್ದನೆಯ ಪಟ್ಟಿಯಲ್ಲಿ ಸೊನ್ನೆಗಳು ಐದೋ ಆರೋ ಎಂದು ಓದುವ ಹೆಡ್ಡಿಗೆ ತಿಳಿಯುವುದು ಹೇಗೆ? ಆದ್ದರಿಂದ ದಿಕ್ಕನ್ನಲ್ಲ, ದಿಕ್ಕಿನ ಬದಲಾವಣೆಯನ್ನು 1 ಎಂದು ಎಣಿಸುವ ಪದ್ಧತಿ ಬಹುಕಾಲದಿಂದ ರೂಢಿಯಲ್ಲಿದೆ. ಅದರ ಜೊತೆಗೆ, ಬದಲಾವಣೆಯಿಲ್ಲದ ಪಟ್ಟಿ ಅತಿ ಉದ್ದವಾಗದಂತೆ ಬಿಟ್‌ಗಳ ಸಾಲನ್ನು ಬರೆಯುವ ಮೊದಲೇ ಬೇರೊಂದು ಸಾಲಾಗಿ ಪರಿವರ್ತಿಸಲಾಗುತ್ತದೆ. ಹಾಡುವವರ ನಡುವೆ ತಾಳ ಹಾಕುವವನು ಕಾಲವನ್ನು ಹಿಡಿದಿಡುವಂತೆ, ಆಗಾಗ ಬರುವ ಬದಲಾವಣೆಗಳು ಓದುವ ವಿದ್ಯುನ್ಮಂಡಲದ ಗಡಿಯಾರವನ್ನು ಸರಿದಾರಿಯಲ್ಲಿಡುತ್ತವೆ.

ಓದುವ ಬಗೆ

ಮೊದಲ ಡಿಸ್ಕುಗಳಲ್ಲಿ ಬರೆದ ಸುರುಳಿಯೇ ಓದುತ್ತಲೂ ಇತ್ತು. ಬದಲಾಗುವ ಕಾಂತತೆ ತಂತಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆಂದು ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ತತ್ವ ಅದಕ್ಕೆ ಆಧಾರ. ಗುರುತುಗಳು ಚಿಕ್ಕವಾದಂತೆ ಆ ವಿದ್ಯುತ್ತೂ ಕ್ಷೀಣಿಸಿತು. ಆಗ ಓದಲು ಬೇರೆಯೇ ಸಾಧನ ಬೇಕಾಯಿತು. ಫ್ರಾನ್ಸಿನ ಆಲ್ಬರ್ಟ್ ಫೆರ್ ಮತ್ತು ಜರ್ಮನಿಯ ಪೀಟರ್ ಗ್ರೂನ್‌ಬರ್ಗ್ 1988ರಲ್ಲಿ ಪ್ರತ್ಯೇಕವಾಗಿ ನಡೆಸಿದ ಪ್ರಯೋಗಗಳಿಂದ, ಎರಡು ಕಾಂತಪದರಗಳ ನಡುವೆ ಕಾಂತವಲ್ಲದ ತೆಳು ಲೋಹವನ್ನಿಟ್ಟಾಗ ಎರಡೂ ಪದರಗಳ ದಿಕ್ಕು ಒಂದೇ ಆಗಿದ್ದರೆ ವಿದ್ಯುತ್ತು ಸುಲಭವಾಗಿ, ಎದುರುಬದುರಾಗಿದ್ದರೆ ಕಷ್ಟದಿಂದ ಹರಿಯುತ್ತದೆಂದು ತಿಳಿಯಿತು. ಅದಕ್ಕೆ ಕಾರಣ ಎಲೆಕ್ಟ್ರಾನುಗಳಿಗೆ ವಿದ್ಯುದಾವೇಶದ ಜೊತೆಗೇ ಇರುವ ಸ್ಪಿನ್ ಎಂಬ ಕಾಂತಗುಣ. ಈ ಶೋಧಕ್ಕೆ 2007ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಅದಕ್ಕೂ ಹತ್ತು ವರ್ಷ ಮೊದಲೇ, 1997ರಲ್ಲಿ, ಅದನ್ನು ಬಳಸಿದ ಹೆಡ್ಡುಗಳು ಮಾರುಕಟ್ಟೆಗೆ ಬಂದಿದ್ದವು.

ಇಂದಿನ ಓದುವ ಸಂವೇದಕದಲ್ಲಿ ಒಂದು ಪದರದ ದಿಕ್ಕು ಅಲುಗದಂತೆ ಕಟ್ಟಿಹಾಕಿದ್ದು, ಇನ್ನೊಂದರ ದಿಕ್ಕು ಮುಕ್ತವಾದದ್ದು. ನಡುವೆ ಸುಮಾರು ಒಂದು ನ್ಯಾನೋಮೀಟರ್ ದಪ್ಪದ, ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗದಷ್ಟಿರುವ ನಿರೋಧಕ ಪೊರೆ. ತಟ್ಟೆಯ ಮೇಲಿನ ಗುರುತೊಂದು ಕೆಳಗೆ ಹಾದುಹೋದಾಗ ಅದರ ಕ್ಷೀಣವಾದ ಕ್ಷೇತ್ರ ಮುಕ್ತ ಪದರವನ್ನು ಸ್ವಲ್ಪ ತಿರುಗಿಸುತ್ತದೆ, ಪೊರೆಯ ಮೂಲಕ ಹಾಯುವ ವಿದ್ಯುತ್ತು ಹೆಚ್ಚುಕಡಿಮೆಯಾಗುತ್ತದೆ, ಆ ಏರಿಳಿತವೇ ಓದಿನ ಸಂಕೇತ. ಹಳೆಯ ಕೈಬರಹದ ಪಹಣಿಯಲ್ಲಿ ಮಾಸಿದ ಅಕ್ಷರವೊಂದನ್ನು ಅನುಭವಿಗಳು ಇಡೀ ಸಾಲನ್ನು ಗಮನಿಸಿ ನಿರ್ಧರಿಸುವಂತೆ, ಡಿಸ್ಕಿನ ಮಂಡಲವೂ ಒಂದೊಂದು ಏರಿಳಿತವನ್ನು ಬಿಡಿಯಾಗಿ ತೀರ್ಮಾನಿಸದೆ, ಸಾಲಿನ ಒಟ್ಟು ಆಕಾರಕ್ಕೆ ಯಾವ ಬಿಟ್‌ಗಳ ಕ್ರಮ ಅತ್ಯಂತ ಸಂಭವನೀಯವೆಂದು ಲೆಕ್ಕಹಾಕುತ್ತದೆ. ಅದರ ಮೇಲೂ ತಪ್ಪು ಉಳಿಯಬಹುದೆಂದು, ಬರೆಯುವಾಗಲೇ ದತ್ತಾಂಶದಿಂದ ಗಣಿಸಿದ ಕೆಲವು ಹೆಚ್ಚುವರಿ ಬಿಟ್‌ಗಳನ್ನು ಸೇರಿಸಲಾಗಿರುತ್ತದೆ. ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ 1960ರಲ್ಲಿ ಪ್ರಕಟಿಸಿದ ಸಂಕೇತಕ್ರಮ ಇಂಥ ತಿದ್ದುವ ಲೆಕ್ಕಗಳಲ್ಲಿ ಪ್ರಸಿದ್ಧವಾದದ್ದು.

ತಟ್ಟೆಯ ಮೇಲಿನ ಸರ್ವೆ

ಹೊಲಕ್ಕೆ ವಿಳಾಸವಿರುವಂತೆ ತಟ್ಟೆಯ ಮೇಲಿನ ಪ್ರತಿಯೊಂದು ತುಣುಕಿಗೂ ವಿಳಾಸವಿದೆ. ತಟ್ಟೆಯ ಮೇಲ್ಮೈ ಒಂದರೊಳಗೊಂದಿರುವ ಲಕ್ಷಾಂತರ ವೃತ್ತಗಳಾಗಿ ವಿಂಗಡಣೆಗೊಂಡಿದ್ದು ಒಂದೊಂದು ವೃತ್ತಕ್ಕೂ ಟ್ರ್ಯಾಕ್ ಎಂದು ಹೆಸರು. ಟ್ರ್ಯಾಕಿನ ಒಂದು ತುಂಡು ಸೆಕ್ಟರ್. ಹಿಂದೆ ಒಂದು ಸೆಕ್ಟರಿನಲ್ಲಿ 512 ಬೈಟ್ ಹಿಡಿಯುತ್ತಿದ್ದು, ಈಗ 4,096 ಬೈಟ್ ಸಾಮಾನ್ಯವಾಗಿದೆ. ಎಷ್ಟನೆಯ ಮೇಲ್ಮೈ, ಎಷ್ಟನೆಯ ಟ್ರ್ಯಾಕ್, ಎಷ್ಟನೆಯ ಸೆಕ್ಟರ್ ಎಂಬುದು ಹೋಬಳಿ, ಗ್ರಾಮ, ಸರ್ವೆ ನಂಬರಿನಂತೆಯೇ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ವಿಳಾಸ. ಸರ್ವೆಯ ಗಡಿಯನ್ನು ಬಾಂದು ಕಲ್ಲುಗಳು ಹಿಡಿದಿಡುವಂತೆ, ಪ್ರತಿಯೊಂದು ಟ್ರ್ಯಾಕಿನ ಉದ್ದಕ್ಕೂ ನೂರಾರು ಕಡೆ ಕಾರ್ಖಾನೆಯಲ್ಲೇ ಬರೆದ ಗುರುತುಗಳಿರುತ್ತವೆ. ಬಳಕೆದಾರನು ಎಷ್ಟೇ ಸಲ ಬರೆದು ಅಳಿಸಿದರೂ ಡಿಸ್ಕು ಅವುಗಳನ್ನು ಮುಟ್ಟುವುದಿಲ್ಲ. ಹೆಡ್ಡು ಅವುಗಳ ಮೇಲೆ ಹಾದಾಗಲೆಲ್ಲ ತಾನು ಟ್ರ್ಯಾಕಿನ ನಡುವೆ ಇದೆಯೋ ಅಂಚಿಗೆ ಸರಿದಿದೆಯೋ ಎಂದು ಅಳೆದುಕೊಳ್ಳುತ್ತದೆ, ಬಲವಾದ ನಿಯೋಡಿಮಿಯಂ ಅಯಸ್ಕಾಂತಗಳ ನಡುವೆ ಇರುವ ಸುರುಳಿಯೊಂದು ಧ್ವನಿವರ್ಧಕದ ತತ್ವದಲ್ಲೇ ತೋಳನ್ನು ತಳ್ಳಿ ಅದನ್ನು ಮತ್ತೆ ನಡುವಿಗೆ ತರುತ್ತದೆ. ಬಾಂದು ಕಲ್ಲು ಕಿತ್ತುಹೋದ ಹೊಲದ ಗಡಿ ವ್ಯಾಜ್ಯಕ್ಕೆ ಬೀಳುವಂತೆ, ಈ ಗುರುತುಗಳು ಕೆಟ್ಟರೆ ಅಲ್ಲಿನ ದತ್ತಾಂಶ ಇದ್ದೂ ಇಲ್ಲದಂತಾಗುತ್ತದೆ.

ಕಡತವನ್ನು ಅಳಿಸುವುದೆಂದರೇನು ಎಂಬುದೂ ಇದರಿಂದ ಸ್ಪಷ್ಟವಾಗುತ್ತದೆ. ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಅಳಿಸುವ ಆದೇಶ ಕೊಟ್ಟಾಗ ವಿಳಾಸಗಳ ಸೂಚಿಯಿಂದ ಆ ಕಡತದ ನಮೂದು ಹೋಗುತ್ತದೆಯೇ ಹೊರತು ಕಾಂತಕಣಗಳು ತಿರುಗುವುದಿಲ್ಲ. ಆ ಜಾಗದಲ್ಲಿ ಬೇರೇನಾದರೂ ಬರೆಯುವವರೆಗೂ ಹಳೆಯದು ಹಾಗೆಯೇ ಇರುತ್ತದೆ. ಕಚೇರಿಯಾಗಲಿ ಮನೆಯಾಗಲಿ, ಹಳೆಯ ಕಂಪ್ಯೂಟರನ್ನು ಗುಜರಿಗೆ ಕೊಡುವ ಮುನ್ನ ಇದನ್ನು ನೆನಪಿಡುವುದು ಅಗತ್ಯ.

ಅಂತರ, ಧೂಳು, ವಿದ್ಯುತ್ತು

ಮೂರೂವರೆ ಇಂಚಿನ ಡಿಸ್ಕು ನಿಮಿಷಕ್ಕೆ 7,200 ಸುತ್ತು ತಿರುಗುವಾಗ ತಟ್ಟೆಯ ಹೊರಅಂಚು ಹೆಡ್ಡಿನ ಕೆಳಗೆ ಸೆಕೆಂಡಿಗೆ ಸುಮಾರು 35 ಮೀಟರ್ ವೇಗದಲ್ಲಿ ಹಾದುಹೋಗುತ್ತದೆ. ಆ ವೇಗಕ್ಕೆ ತಟ್ಟೆಯೊಂದಿಗೆ ಸುತ್ತುವ ಗಾಳಿಯೇ ಹೆಡ್ಡನ್ನು ಎತ್ತಿ ಹಿಡಿಯುತ್ತದೆ. ಆಗ ಇವೆರಡರ ನಡುವಿನ ಅಂತರ ಹತ್ತು ನ್ಯಾನೋಮೀಟರಿಗಿಂತಲೂ ಕಡಿಮೆ. ಗಾಳಿಯಲ್ಲಿ ತೇಲುವ ಸಾಮಾನ್ಯ ಧೂಳಿನ ಕಣವೇ ಇದರ ಸಾವಿರ ಪಟ್ಟು ದೊಡ್ಡದಿರಬಹುದಾದ್ದರಿಂದ, ಅದಿರಿನ ಲಾರಿಗಳ ದಾರಿಯಲ್ಲಿ ಕೆಂಪು ಧೂಳು ಏಳುವ ಈ ಸೀಮೆಯಲ್ಲಾಗಲಿ ಬೇರೆಲ್ಲಾಗಲಿ ಡಿಸ್ಕಿನ ಪೆಟ್ಟಿಗೆಯನ್ನು ಸಾಮಾನ್ಯ ಕೋಣೆಯಲ್ಲಿ ಬಿಚ್ಚುವಂತಿಲ್ಲ. ಹೊರಗಿನ ಒತ್ತಡಕ್ಕೆ ಒಳಗಿನ ಒತ್ತಡ ಹೊಂದಿಕೊಳ್ಳಲೆಂದು ಬಿಟ್ಟಿರುವ ಸಣ್ಣ ರಂಧ್ರಕ್ಕೂ ಸೋಸುಕವಿರುತ್ತದೆ. ದೊಡ್ಡ ಸಾಮರ್ಥ್ಯದ ಡಿಸ್ಕುಗಳಲ್ಲಿ ಗಾಳಿಯ ಬದಲು ಹೀಲಿಯಂ ತುಂಬಿ ಪೂರ್ತಿ ಮುಚ್ಚಿರುತ್ತಾರೆ.

ವಿದ್ಯುತ್ತು ಏಕಾಏಕಿ ಹೋದರೆ ತಟ್ಟೆಯ ವೇಗ ಕುಗ್ಗಿ ಹೆಡ್ಡು ತಟ್ಟೆಗೆ ತಾಗುವ ಅಪಾಯವಿದೆ. ಅದನ್ನು ತಪ್ಪಿಸಲು, ಇನ್ನೂ ಸುತ್ತುತ್ತಿರುವ ತಟ್ಟೆಯ ವೇಗದಿಂದಲೇ ಮೋಟಾರನ್ನು ಕ್ಷಣಕಾಲ ಡೈನಮೋವಾಗಿ ಬಳಸಿ, ಆ ವಿದ್ಯುತ್ತಿನಿಂದ ತೋಳನ್ನು ಸುರಕ್ಷಿತ ಜಾಗಕ್ಕೆ ಎಳೆದುಕೊಳ್ಳುವ ವ್ಯವಸ್ಥೆಯಿದೆ. ಹೆಡ್ಡು ಹೀಗೆ ಉಳಿದುಕೊಂಡರೂ ಅರ್ಧ ಬರೆದ ನಮೂದು ಪೂರ್ಣಗೊಂಡಿರುವುದಿಲ್ಲ. ಆದಕಾರಣ ಖಾತೆ ಬದಲಾವಣೆಯಂಥ ಕೆಲಸ ನಡೆಯುವ ಕಡೆ ಬ್ಯಾಟರಿಯ ಆಸರೆಯೂ, ಒಂದು ನಮೂದು ಪೂರ್ತಿಯಾಗುವವರೆಗೆ ಹಿಂದಿನದನ್ನು ರದ್ದುಮಾಡದ ತಂತ್ರಾಂಶವೂ ಅವಶ್ಯಕ.

ಚಿಕ್ಕದಾಗುವುದರ ಮಿತಿ

ರಾಮ್ಯಾಕಿನ ಟ್ರ್ಯಾಕಿನಲ್ಲಿ ಇಂಚಿಗೆ ಸುಮಾರು 100 ಬಿಟ್ ಹಿಡಿಯುತ್ತಿದ್ದವು; ಆ ಲೆಕ್ಕದಲ್ಲಿ 'ಗುಡೇಕೋಟೆ' ಎಂಬ ಪದದ 192 ಬಿಟ್‌ಗಳಿಗೆ ಸುಮಾರು ಎರಡು ಇಂಚು ಜಾಗ ಬೇಕಾಗುತ್ತಿತ್ತು. ಇಂಚಿಗೆ ಸುಮಾರು 20 ಲಕ್ಷ ಬಿಟ್ ಹಿಡಿಯುವ ಇಂದಿನ ಟ್ರ್ಯಾಕಿನಲ್ಲಿ ಅದೇ ಪದ ತಲೆಗೂದಲಿನ ದಪ್ಪದ ಇಪ್ಪತ್ತೈದನೆಯ ಒಂದು ಭಾಗದಲ್ಲೇ ಮುಗಿದುಹೋಗುತ್ತದೆ. ಒಂದು ಪಹಣಿಗೆ ಹತ್ತು ಸಾವಿರ ಬೈಟ್ ಎಂದು ಧಾರಾಳವಾಗಿ ಹಿಡಿದರೂ ಎರಡು ಕೋಟಿ ಪಹಣಿಗಳಿಗೆ 200 ಗಿಗಾಬೈಟ್, ಅಂದರೆ ಇಪ್ಪತ್ತು ಸಾವಿರ ಕೋಟಿ ಬೈಟ್ ಸಾಕು. ಅದಕ್ಕೆ ರಾಮ್ಯಾಕಿನಂಥ ಕನಿಷ್ಠ ನಲವತ್ತು ಸಾವಿರ ಯಂತ್ರಗಳು ಬೇಕಾಗುತ್ತಿದ್ದವು, ಇಂದು ಅಂಗೈಯಲ್ಲಿ ಹಿಡಿಯುವ ಒಂದು ಡಿಸ್ಕಿನ ಮೂಲೆ ಸಾಕು.

ಈ ಕುಗ್ಗುವಿಕೆಗೆ ಪ್ರಕೃತಿಯೇ ಒಂದು ಗಡಿ ಹಾಕಿದೆ. ಒಂದು ಬಿಟ್ ಎಂದರೆ ಒಂದೇ ಕಣವಲ್ಲ, ಹಲವು ಕಣಗಳ ಗುಂಪು. ಬಿಟ್ ಚಿಕ್ಕದಾಗಬೇಕಾದರೆ ಕಣಗಳೂ ಚಿಕ್ಕವಾಗಬೇಕು. ಕಣವು ಕೆಲವೇ ನ್ಯಾನೋಮೀಟರಿಗೆ ಇಳಿದಾಗ ಕೋಣೆಯ ಸಾಮಾನ್ಯ ಶಾಖವೇ ಅದನ್ನು ಅಲುಗಾಡಿಸಿ, ಯಾರೂ ಮುಟ್ಟದಿದ್ದರೂ ಅದು ತನ್ನಷ್ಟಕ್ಕೆ ದಿಕ್ಕು ಬದಲಿಸುವ ಸಂಭವ ಹೆಚ್ಚುತ್ತದೆ. ಇದನ್ನು ತಡೆಯಲು ದಿಕ್ಕು ಬದಲಿಸಲು ಹೆಚ್ಚು ಪ್ರತಿರೋಧ ತೋರುವ ಪದಾರ್ಥವನ್ನು ಆರಿಸಿದರೆ ಹೆಡ್ಡಿನ ಕ್ಷೇತ್ರಕ್ಕೂ ಅದು ಜಗ್ಗುವುದಿಲ್ಲ. ಈಚಿನ ಪರಿಹಾರವು ಬರೆಯುವ ಕ್ಷಣಕ್ಕೆ ಮಾತ್ರ ಆ ಚುಕ್ಕೆಯನ್ನು ಲೇಸರ್ ಬೆಳಕಿನಿಂದ ಕಾಯಿಸುತ್ತದೆ: ನಾನೂರು ಡಿಗ್ರಿ ಸೆಲ್ಸಿಯಸ್ ದಾಟಿದಾಗ ಕಣಗಳ ಪ್ರತಿರೋಧ ಸಡಿಲಗೊಳ್ಳುತ್ತದೆ, ಆ ಹೊತ್ತಿಗೆ ಕಾಂತಕ್ಷೇತ್ರ ಅವುಗಳನ್ನು ತಿರುಗಿಸುತ್ತದೆ, ಸೆಕೆಂಡಿನ ನೂರು ಕೋಟಿಯ ಒಂದೆರಡು ಭಾಗದಷ್ಟು ಕಾಲದಲ್ಲಿ ಆರಿದಾಗ ಬರಹ ಗಟ್ಟಿಯಾಗಿ ನಿಲ್ಲುತ್ತದೆ. ಇದಕ್ಕೆ ಬಳಸುವ ಪದಾರ್ಥ ಕಬ್ಬಿಣ ಮತ್ತು ಪ್ಲಾಟಿನಂ ಬೆರೆತದ್ದು; ಹೀಗೆ ಮೊದಲ ಡಿಸ್ಕುಗಳ ಕಬ್ಬಿಣವು ಕೋಬಾಲ್ಟಿನ ಕಾಲವನ್ನು ದಾಟಿ ಹೊಸ ರೂಪದಲ್ಲಿ ಮರಳಿ ಬಂದಿದೆ.

ಕಾವಲು ಬೇಡುವ ಬರಹ

ಒಂದು ಡಿಸ್ಕಿನ ಯಂತ್ರಭಾಗಗಳು ಸವೆಯುತ್ತವೆ. ಅದರ ಆಯುಸ್ಸನ್ನು ವರ್ಷಗಳಲ್ಲಿ ಎಣಿಸಬೇಕೇ ಹೊರತು ತಲೆಮಾರುಗಳಲ್ಲಲ್ಲ. ಇದಕ್ಕೆ ಕಂಪ್ಯೂಟರ್ ವಿಜ್ಞಾನ ಕಂಡುಕೊಂಡ ಉತ್ತರ ಒಂದೇ ಡಿಸ್ಕನ್ನು ನಂಬದಿರುವುದು. ಎರಡು ಡಿಸ್ಕುಗಳಲ್ಲಿರುವ ಬಿಟ್‌ಗಳನ್ನು ಒಂದಕ್ಕೊಂದು ಹೋಲಿಸಿ, ಎರಡೂ ಒಂದೇ ಆದರೆ 0, ಬೇರೆಯಾದರೆ 1 ಎಂದು ಮೂರನೆಯದರಲ್ಲಿ ಬರೆದಿಟ್ಟರೆ, ಮೂರರಲ್ಲಿ ಯಾವುದೇ ಒಂದು ಕೆಟ್ಟರೂ ಉಳಿದೆರಡರಿಂದ ಅದನ್ನು ಪೂರ್ತಿಯಾಗಿ ಮರಳಿ ಕಟ್ಟಬಹುದು. ಡಿಸ್ಕುಗಳ ಇಂಥ ಗುಂಪುಗಳಿಗೆ 1988ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಶಾಸ್ತ್ರೀಯ ರೂಪ ಕೊಟ್ಟರು. ಇದರ ಮೇಲೆ ಬೇರೆ ಊರಿನಲ್ಲೊಂದು ಪ್ರತಿ, ಆ ಪ್ರತಿ ಓದಲು ಬರುತ್ತದೆಯೇ ಎಂಬ ನಿಯತವಾದ ಪರೀಕ್ಷೆ, ಡಿಸ್ಕುಗಳು ಹಳೆಯವಾಗುವ ಮೊದಲೇ ಹೊಸವಕ್ಕೆ ವರ್ಗಾವಣೆ, ಇವು ಮೂರೂ ಸೇರಿದಾಗ ಮಾತ್ರ ದಾಖಲೆ ತನ್ನನ್ನು ಹೊತ್ತ ಯಂತ್ರಕ್ಕಿಂತ ಹೆಚ್ಚು ಕಾಲ ಬಾಳುತ್ತದೆ.

ಪಹಣಿಯ ವಿಳಾಸಕ್ಕೆ ಮರಳಿದರೆ, ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, ಆಮೇಲೆ ಬಳ್ಳಾರಿಗೆ ಮರಳಿತು, 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಜೊತೆಗೆ ವಿಜಯನಗರ ಜಿಲ್ಲೆಯ ಭಾಗವಾಯಿತು. ಜಿಲ್ಲೆಯ ಹೆಸರು ಬದಲಾದಾಗಲೆಲ್ಲ ಅಲ್ಲಿನ ಪಹಣಿಗಳ ತಲೆಬರಹವೂ ಬದಲಾಯಿತೇ ಹೊರತು ಹೊಲ ಬದಲಾಗಲಿಲ್ಲ. ಡಿಸ್ಕಿನ ಲೋಕದಲ್ಲಿ ಇದಕ್ಕೆ ತಿರುವುಮುರುವಾದದ್ದು ನಡೆಯುತ್ತದೆ: ದಾಖಲೆಯ ಒಕ್ಕಣೆ ಹಾಗೆಯೇ ಇರುತ್ತದೆ, ಅದನ್ನು ಹೊತ್ತ ಕಣ, ತಟ್ಟೆ, ಯಂತ್ರ, ಕೆಲವೊಮ್ಮೆ ಊರೂ ಬದಲಾಗುತ್ತ ಹೋಗುತ್ತವೆ. ಹೊಲದಂಚಿನ ಬಾಂದು ಕಲ್ಲು ಯಾರೂ ನೋಡದಿದ್ದರೂ ಮಳೆ ಬಿಸಿಲಿನಲ್ಲಿ ತನ್ನಷ್ಟಕ್ಕೆ ನಿಂತಿರುತ್ತದೆ. ಕಾಂತಕಣದ ಮೇಲೆ ಬರೆದ ಹಕ್ಕಿಗೆ ಹಾಗೆ ನಿಲ್ಲುವ ಶಕ್ತಿಯಿಲ್ಲ. ಒಂದು ತಟ್ಟೆ ಸವೆಯುವ ಮೊದಲೇ ಇನ್ನೊಂದು ತಟ್ಟೆಗೆ ಅದನ್ನು ತಪ್ಪಿಲ್ಲದೆ ದಾಟಿಸುವ ಕೈಗಳು ಇರುವವರೆಗೆ ಮಾತ್ರ ಗುಡೇಕೋಟೆಯ ಎರಡೆಕರೆ ನೆಲ ಅದರ ಒಡೆಯನ ಹೆಸರಿನಲ್ಲಿ ಓದಿಸಿಕೊಳ್ಳುತ್ತದೆ.